ಟ್ಯೂಬ್‌ಲೈಟಿನ ಕೆಳಗೊಂದು ಸಸಿಮಡಿ

ಮನೆಯೊಳಗೆ ದೀಪದಡಿ ಬೀಜ ಹಾಕಿ, ಸಸಿ ಮಾಡಿಕೊಂಡು, ಆಮೇಲೆ ಹೊರಗೆ ನೆಡುವುದು ಹಿಮ ಬೀಳುವ ದೇಶಗಳ ರೂಢಿ. ಅಲ್ಲಿ ಮಾರ್ಚ್ ಬಂದರೂ ನೆಲ ಹೆಪ್ಪುಗಟ್ಟಿರುತ್ತದೆ. ಬೇಸಿಗೆ ಬಂದ ಮೇಲೂ ಮೂರು ನಾಲ್ಕು ತಿಂಗಳಲ್ಲಿ ಮುಗಿದುಹೋಗುತ್ತದೆ. ಟೊಮೆಟೊ, ಬದನೆ, ಮೆಣಸಿನಂಥ ಬಿಸಿನಾಡಿನ ಗಿಡಗಳು ಅಷ್ಟರೊಳಗೆ ಕಾಯಿ ಬಿಡಬೇಕಾದರೆ ಹೊರಗೆ ಹೋಗುವಾಗಲೇ ಗೇಣುದ್ದ ಆಗಿರಬೇಕು. ಹಾಗಾಗಿ ಆ ದೇಶಗಳಲ್ಲಿ ಚಳಿಗಾಲದ ಕೊನೆಗೆ ನೆಲಮಾಳಿಗೆಯಲ್ಲೋ ಅಡುಗೆಮನೆಯ ಮೂಲೆಯಲ್ಲೋ ದೀಪಗಳು ಉರಿಯುತ್ತವೆ.

ಥಾಣೆ ಜಿಲ್ಲೆಯಲ್ಲಿ ಹಿಮವಿಲ್ಲ. ಇಲ್ಲಿ ಸಸಿಗೆ ಅಡ್ಡ ಬರುವುದು ಮಳೆ. ಹವಾಮಾನ ಇಲಾಖೆ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ ಮುಂಬಯಿಗೆ ಮುಂಗಾರು ಕಾಲಿಡುವ ಸಾಮಾನ್ಯ ದಿನ ಜೂನ್ 11, ಹೊರಡುವ ದಿನ ಅಕ್ಟೋಬರ್ 8. ಜುಲೈ ಒಂದೇ ತಿಂಗಳಲ್ಲಿ ಸರಾಸರಿ 800 ಮಿಲಿಮೀಟರಿಗೂ ಹೆಚ್ಚು ಮಳೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದ, ಉಪ್ಪಿನ ಭರಣಿಯಲ್ಲಿ ನೀರಾಡುವ ಕಾಲ ಅದು. ಬಿಸಿಲಿನ ಮಧ್ಯಾಹ್ನ ಬಯಲಿನಲ್ಲಿ ಸುಮಾರು ಒಂದು ಲಕ್ಷ ಲಕ್ಸ್ ಬೆಳಕಿರುತ್ತದೆ. ದಟ್ಟ ಮೋಡ ಕವಿದಾಗ ಅದು 10,000ಕ್ಕೂ ಕೆಳಗಿಳಿಯುತ್ತದೆ. ಕಿಟಕಿಯಿಂದ ನಾಲ್ಕು ಹೆಜ್ಜೆ ಒಳಗೆ ಬಂದರೆ ಉಳಿಯುವುದು ಕೆಲವು ನೂರು ಮಾತ್ರ. ಮನುಷ್ಯನ ಕಣ್ಣು ಈ ವ್ಯತ್ಯಾಸವನ್ನು ಬೇಗ ಸರಿತೂಗಿಸಿಕೊಳ್ಳುತ್ತದೆ. ಪೇಪರ್ ಓದಲು ಸಾಕಾದಷ್ಟು ಬೆಳಕಿದ್ದರೆ ಕೋಣೆ ಬೆಳಕಾಗಿಯೇ ಇದೆ ಅನ್ನಿಸುತ್ತದೆ. ಬೆಳಕನ್ನೇ ಉಂಡು ಬದುಕುವ ಗಿಡದ ಪಾಲಿಗೆ ಅದು ಕತ್ತಲೆ.

ಡೊಂಬಿವಲಿ ಪೂರ್ವದ ಒಂದು ಬಾಡಿಗೆ ಫ್ಲ್ಯಾಟಿನಲ್ಲಿ ಆಗಸ್ಟ್ ಕೊನೆಯ ವಾರದಿಂದ ದಿನಕ್ಕೆ 14 ಗಂಟೆ ಎರಡು ಟ್ಯೂಬ್‌ಲೈಟುಗಳು ಉರಿಯುವುದು ಈ ಕಾರಣಕ್ಕೆ. ಅವುಗಳ ಕೆಳಗಿರುವುದು ಬದನೆ ಸಸಿ.

*

ಮನೆಯೊಡತಿ ನಿವೃತ್ತ ಶಿಕ್ಷಕಿ. ಶಾಲೆ ಬಿಟ್ಟು ವರ್ಷಗಳಾದರೂ ಬಿಲ್ಡಿಂಗಿನವರ ಬಾಯಲ್ಲಿ ಅವರು ಇನ್ನೂ ‘ಟೀಚರ್’. ತವರು ಉಡುಪಿಯ ದಕ್ಷಿಣಕ್ಕೆ, ಕಟಪಾಡಿಯ ಹತ್ತಿರ. ಅಲ್ಲಿಂದ ಸಮುದ್ರದ ಕಡೆ ಹೋದರೆ ಮಟ್ಟು ಗ್ರಾಮ, ಗುಳ್ಳದ ಊರು. ಮಟ್ಟುಗುಳ್ಳ ಎಂದರೆ ದುಂಡಗೆ, ತಿಳಿಹಸಿರು ಮೈಮೇಲೆ ಬಿಳಿ ಗೆರೆಗಳಿರುವ, ಸಿಪ್ಪೆ ತೆಳ್ಳಗಿನ ಬದನೆ. ವಾದಿರಾಜ ಸ್ವಾಮಿಗಳು ಇದರ ಬೀಜವನ್ನು ಊರವರಿಗೆ ಕೊಟ್ಟರೆಂಬ ಐತಿಹ್ಯವಿದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕರಾವಳಿಯವರಿಗೆ ಗುಳ್ಳ ಹಾಕಿದ ಸಾಂಬಾರು ಬೇರೆ, ಉಳಿದ ಬದನೆಯ ಸಾಂಬಾರು ಬೇರೆ.

ಟೀಚರ್ ಮದುವೆಯಾಗಿ ಡೊಂಬಿವಲಿಗೆ ಬಂದ ಎರಡನೆಯ ವರ್ಷ, ತವರಿನಿಂದ ಮರಳುವಾಗ ಅವರ ತಾಯಿ ಒಂದು ಪುಟ್ಟ ಡಬ್ಬಿಯಲ್ಲಿ ಬೂದಿ ಬೆರೆಸಿದ ಗುಳ್ಳದ ಬೀಜ ಹಾಕಿಕೊಟ್ಟರು. ಆಗ ಮನೆ ಮೂರು ಮಹಡಿಯ ಹಳೆಯ ಕಟ್ಟಡದ ನೆಲ ಅಂತಸ್ತಿನಲ್ಲಿತ್ತು. ಅಡುಗೆಮನೆಯ ಬಾಗಿಲಿಗೂ ಕಾಂಪೌಂಡ್ ಗೋಡೆಗೂ ನಡುವೆ ನಾಲ್ಕಡಿ ಅಗಲದ ಮಣ್ಣಿನ ಪಟ್ಟಿ. ಸೊಸೈಟಿಯ ಕಾಗದದಲ್ಲಿ ಅದು ಎಲ್ಲರಿಗೂ ಸೇರಿದ ಜಾಗ. ರೂಢಿಯಲ್ಲಿ ಟೀಚರ ಹಿತ್ತಲು. ಮಳೆ ನಿಂತ ಮೇಲೆ ಅಲ್ಲೇ ಏರುಮಡಿ ಮಾಡಿ ಬೀಜ ಚೆಲ್ಲುವುದು, ನವೆಂಬರಿನಲ್ಲಿ ಸಾಲಾಗಿ ನೆಡುವುದು, ಫೆಬ್ರವರಿಯ ಹೊತ್ತಿಗೆ ಅಕ್ಕಪಕ್ಕದವರಿಗೆ ಹಂಚುವುದು. ಗಿಡದಲ್ಲೇ ಹಳದಿಯಾಗಲು ಬಿಟ್ಟ ಒಂದು ಕಾಯಿಯಿಂದ ಮುಂದಿನ ವರ್ಷದ ಬೀಜ. ಸುಮಾರು ಮೂವತ್ತು ವರ್ಷ ಇದು ಹೀಗೇ ನಡೆಯಿತು. ಅಷ್ಟರಲ್ಲಿ ತಾಯಿ ತೀರಿಕೊಂಡರು. ತವರಿನ ಗದ್ದೆ ಪಾಲಾಯಿತು, ಪಾಲಾದದ್ದು ಮಾರಾಟವಾಯಿತು. ಡಬ್ಬಿಯ ಬೀಜ ಮಾತ್ರ ಪ್ರತಿ ವರ್ಷ ಹೊಸದಾಗುತ್ತ ಉಳಿಯಿತು.

ಆಮೇಲೆ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಥಾಣೆಯಿಂದ ಕಲ್ಯಾಣಿನವರೆಗೆ ರೈಲು ಹಳಿಯ ಎರಡೂ ಕಡೆ ಇದು ಹೊಸ ಕಥೆಯಲ್ಲ. ಸೋರುವ ತಾರಸಿ, ಒಡೆದ ಪಿಲ್ಲರ್, ಲಿಫ್ಟಿಲ್ಲದ ಮೆಟ್ಟಿಲು ಹತ್ತಲಾಗದ ಮುದುಕರು: ಕೆಡವಲು ಕಾರಣಗಳಿಗೆ ಕೊರತೆಯಿರಲಿಲ್ಲ. ಟೀಚರ್ ಕೂಡ ಸಹಿ ಹಾಕಿದರು. ಬಿಲ್ಡರ್ ತೋರಿಸಿದ ನಕ್ಷೆಯಲ್ಲಿ ಅವರ ಹೊಸ ಮನೆ ಹನ್ನೊಂದನೆಯ ಮಹಡಿಯಲ್ಲಿತ್ತು. ಹಿತ್ತಲಿದ್ದ ಜಾಗ ಎಲ್ಲಿ ಎಂದು ಹುಡುಕಿದರೆ ಅಲ್ಲಿ ಕಾರುಗಳನ್ನು ಸೂಚಿಸುವ ಪುಟ್ಟ ಚೌಕಗಳಿದ್ದವು.

*

ಬಾಡಿಗೆ ಮನೆಗೆ ಬಂದ ಮೊದಲ ವರ್ಷ ಬಿತ್ತಲಾಗಲಿಲ್ಲ. ಪೆಟ್ಟಿಗೆಗಳನ್ನು ಬಿಚ್ಚುವುದರಲ್ಲೇ ಕಾಲ ಕಳೆಯಿತು. ಎರಡನೆಯ ವರ್ಷ ಗಣಪತಿ ಹಬ್ಬ ಕಳೆದ ಮೇಲೆ, ಒದ್ದೆ ಬಟ್ಟೆಯಲ್ಲಿ ಹತ್ತು ಬೀಜ ಸುತ್ತಿಟ್ಟು ನೋಡಿದರು. ಮೂರು ಮಾತ್ರ ಮೊಳೆತವು.

ಬೀಜ ಸತ್ತ ವಸ್ತುವಲ್ಲ. ಅದು ತೀರ ನಿಧಾನವಾಗಿ ಉಸಿರಾಡುತ್ತ ತನ್ನ ಬುತ್ತಿಯನ್ನು ತಾನೇ ಕರಗಿಸಿಕೊಳ್ಳುತ್ತಿರುತ್ತದೆ. ಬೀಜಶಾಸ್ತ್ರದಲ್ಲಿ ಹ್ಯಾರಿಂಗ್ಟನ್ ಹೆಸರಿನ ಒಂದು ಸ್ಥೂಲ ಲೆಕ್ಕವಿದೆ: ಬೀಜದೊಳಗಿನ ತೇವ ಶೇಕಡ 1ರಷ್ಟು ಇಳಿದರೆ ಅದರ ಆಯುಸ್ಸು ಇಮ್ಮಡಿಯಾಗುತ್ತದೆ. ಇಟ್ಟ ಜಾಗದ ಬಿಸಿ 5 ಡಿಗ್ರಿ ಇಳಿದರೂ ಇಮ್ಮಡಿ. ತಿರುಗಿಸಿ ಓದಿದರೆ ಕೊಂಕಣದ ಮಳೆಗಾಲಕ್ಕೆ ಅದು ಕೆಟ್ಟ ಸುದ್ದಿ. ತೇವ ಏರಿದಂತೆ ಆಯುಸ್ಸು ಅರ್ಧ, ಮತ್ತೆ ಅರ್ಧ. ತಾಯಿ ಬೂದಿ ಬೆರೆಸಿದ್ದು ಆ ತೇವವನ್ನು ಹೀರಲೆಂದೇ. ಹಳೆಯ ಮನೆಯಲ್ಲಿ ಪ್ರತಿ ವರ್ಷ ಹೊಸ ಬೀಜ ಬರುತ್ತಿದ್ದುದರಿಂದ ಈ ಲೆಕ್ಕ ಯಾರಿಗೂ ಬೇಕಾಗಿರಲಿಲ್ಲ. ಈಗ ಡಬ್ಬಿಯಲ್ಲಿ ಉಳಿದಿದ್ದುದು ಅರ್ಧ ಚಮಚ. ಇನ್ನೊಂದು ಮಳೆಗಾಲ ಕಾದರೆ ಅದರಲ್ಲಿ ಎಷ್ಟು ಜೀವ ಉಳಿದೀತು?

“ಊರಿಗೆ ಹೋದಾಗ ಬೇರೆ ಬೀಜ ತಂದರಾಯ್ತಲ್ಲ ಮಾರಾಯ್ತಿ, ಅಲ್ಲೇನು ಬರಗಾಲವಾ?” ಎಂದರು ಅವರ ಯಜಮಾನರು.

“ಅಲ್ಲಿ ಉಂಟು. ಅಮ್ಮ ಕೊಟ್ಟದ್ದು ಇದು,” ಎಂದರು ಟೀಚರ್.

ಮೊಳೆತ ಮೂರನ್ನು ಮೊಸರಿನ ಲೋಟಗಳಲ್ಲಿ ನೆಟ್ಟು ಕಿಟಕಿಯ ಗ್ರಿಲ್ಲಿನೊಳಗೆ ಇಟ್ಟರು. ಎದುರಿಗೆ ಹತ್ತಡಿ ದೂರದಲ್ಲಿ ಪಕ್ಕದ ಬಿಲ್ಡಿಂಗಿನ ಗೋಡೆ. ವಾರದೊಳಗೆ ಸಸಿಗಳು ನೂಲಿನಂತೆ ಉದ್ದವಾಗಿ, ಬೆಳ್ಳಗಾಗಿ, ಗೋಡೆಯ ಮೇಲಿನ ಆಕಾಶದ ತುಂಡಿನ ಕಡೆ ಬಾಗಿದವು. ನೆರಳಿನಲ್ಲಿ ಸಿಕ್ಕಿದ ಸಸಿಯ ಲೆಕ್ಕಾಚಾರವೇ ಹಾಗೆ. ಮೇಲೆ ಯಾವುದೋ ಎಲೆ ಮುಚ್ಚಿದೆ, ಅದನ್ನು ದಾಟಿದರೆ ಬಿಸಿಲುಂಟು ಎಂದುಕೊಂಡು, ಕಾಂಡ ದಪ್ಪ ಮಾಡುವ, ಬೇರು ಇಳಿಸುವ ಕೆಲಸವನ್ನೆಲ್ಲ ಬದಿಗಿಟ್ಟು ಎತ್ತರಕ್ಕೆ ಓಡುತ್ತದೆ. ಕಾಡಿನಲ್ಲಿ ಅದು ಸರಿಯಾದ ಲೆಕ್ಕ. ಎರಡು ಬಿಲ್ಡಿಂಗುಗಳ ನಡುವೆ ದಾಟಲು ಎಲೆಯಿಲ್ಲ, ಇರುವುದು ಏಳು ಮಹಡಿ. ಮೂರೂ ಮಗುಚಿ ಬಿದ್ದವು.

*

ದೀಪದ ಉಪಾಯ ತಂದವಳು ಮಗಳು. ಅವಳ ಮನೆ ನವಿಮುಂಬಯಿಯ ಐರೋಳಿಯಲ್ಲಿ, ಕೆಲಸವೂ ಅಲ್ಲೇ. ಮರದ ಮೂರು ಹಂತದ ಶೂ ರ್‍ಯಾಕನ್ನು ಖಾಲಿ ಮಾಡಿಸಿ, ಮಧ್ಯದ ಹಲಗೆಯ ಅಡಿಗೆ 20 ವ್ಯಾಟಿನ ಎರಡು ಎಲ್‌ಇಡಿ ಟ್ಯೂಬ್ ಕಟ್ಟಿದಳು. ನೇರಳೆ ಬೆಳಕು ಸೂಸುವ ವಿಶೇಷ ದೀಪಗಳೂ ಮಾರುಕಟ್ಟೆಯಲ್ಲಿವೆ. ಆದರೆ ಎಳೆ ಸಸಿಗೆ ಅಡುಗೆಮನೆಯ ಬಿಳಿ ಟ್ಯೂಬೇ ಸಾಕು. ಅದರ ಬೆಳಕಿನಲ್ಲಿರುವ ನೀಲಿ ಅಂಶ ಸಸಿಯನ್ನು ಗಿಡ್ಡವಾಗಿ, ಗಟ್ಟಿಯಾಗಿ ಇಡುತ್ತದೆ. ಮುಖ್ಯವಾದದ್ದು ದೂರ. ದೀಪ ಸಸಿಯ ನೆತ್ತಿಯಿಂದ ನಾಲ್ಕೈದು ಬೆರಳಷ್ಟು ಮೇಲಿರಬೇಕು, ಸಸಿ ಎದ್ದಂತೆ ದೀಪವೂ ಏಳಬೇಕು. ಒಂದು ಗೇಣು ದೂರವಾದರೆ ಸಸಿಗೆ ತಲುಪುವ ಬೆಳಕು ಬಹಳ ಇಳಿದುಹೋಗುತ್ತದೆ. ದಿನಕ್ಕೆ 14 ಗಂಟೆಯಂತೆ 35 ದಿನ ಉರಿಸಿದರೆ ಖರ್ಚಾಗುವುದು 20 ಯೂನಿಟ್ಟಿನೊಳಗಿನ ಕರೆಂಟು.

ಸಂಗತಿ ತೀರ ಹೊಸದೂ ಅಲ್ಲ. ಇಂಗ್ಲೆಂಡಿನಲ್ಲಿ ವಿಲಿಯಂ ಸೀಮೆನ್ಸ್ 1880ರಲ್ಲೇ ವಿದ್ಯುತ್ ದೀಪದಡಿ ಗಿಡ ಬೆಳೆಸಿ, ರಾತ್ರಿಯ ಬೆಳಕಿಗೂ ಎಲೆ ಹಸಿರಾಗುತ್ತದೆಂದು ರಾಯಲ್ ಸೊಸೈಟಿಯ ಮುಂದೆ ವರದಿ ಮಂಡಿಸಿದ್ದರು. ಆಗ ಆ ಪ್ರಯೋಗಕ್ಕೆ ಎಂಜಿನ್, ಡೈನಮೋ ಎಲ್ಲ ಬೇಕಿತ್ತು. ಈಗ ಒಂದು ಪ್ಲಗ್ ಸಾಕು.

ಚಳಿದೇಶದವರು ಬೀಜದ ತಟ್ಟೆಯ ಕೆಳಗೆ ಬಿಸಿ ಮಾಡುವ ಹಾಸನ್ನೂ ಇಡುತ್ತಾರೆ. ಬದನೆ ಮೊಳೆಯಲು 25ರಿಂದ 30 ಡಿಗ್ರಿ ಬೇಕು. ಡೊಂಬಿವಲಿಯ ಆಗಸ್ಟ್ ಅದನ್ನು ಬಿಟ್ಟಿ ಕೊಡುತ್ತದೆ. ಜೊತೆಗೆ ಬೇಡದ್ದನ್ನೂ ಕೊಡುತ್ತದೆ. ಆ ಸಲ ಬಿತ್ತಿದ ಹದಿನೆಂಟರಲ್ಲಿ ಏಳು ಮೊಳೆತು, ಎರಡೆಲೆ ಬಿಟ್ಟು, ಗಟ್ಟಿಯಾಗಿಯೇ ನಿಂತಿದ್ದವು. ಒಂದು ಬೆಳಿಗ್ಗೆ ನೋಡಿದರೆ ಎರಡು ಸಸಿ ಮಣ್ಣಿನ ಮಟ್ಟದಲ್ಲಿ ಕತ್ತರಿಸಿದಂತೆ ಮಲಗಿದ್ದವು. ಬುಡ ನೀರಾಗಿ, ಕಂದಾಗಿ, ದಾರದಷ್ಟು ಸಣ್ಣಗಾಗಿತ್ತು. ಪಿಥಿಯಂ, ರೈಜೋಕ್ಟೋನಿಯಾದಂಥ ಮಣ್ಣಿನ ರೋಗಾಣುಗಳು ತರುವ ಬುಡಕೊಳೆ ಅದು. ಹಳೆಯ ಮಣ್ಣು, ನಿಂತ ನೀರು, ಆಡದ ಗಾಳಿ ಮೂರೂ ಸೇರಿದಲ್ಲಿ ಅದಕ್ಕೆ ಹಬ್ಬ.

ಇದಕ್ಕೆ ಮದ್ದು ಹೇಳಿದ್ದು ಸೊಪ್ಪು ಮಾರುವ ಆಗ್ರಿ ಹೆಂಗಸು. ಕಲ್ಯಾಣಿನಿಂದ ಮುರ್ಬಾಡ್ ಕಡೆಗೆ ಅವರಿಗೆ ಇನ್ನೂ ಸ್ವಲ್ಪ ಭತ್ತದ ಗದ್ದೆಯಿದೆ. “ಮಣ್ಣು ಸುಟ್ಟಿರಾ ಬಾಯಿ?” ಎಂದು ಅವರು ಮರಾಠಿಯಲ್ಲಿ ಕೇಳಿದರು. “ರಾಬ್ ಸುಡದೆ ಸಸಿ ಹೇಗೆ ಏಳುತ್ತದೆ?”

ರಾಬ್ ಈ ನೆಲದ ಹಳೆಯ ವಿದ್ಯೆ. ಮಳೆಗೆ ಮೊದಲು, ಸಸಿಮಡಿ ಮಾಡುವ ತುಂಡು ಗದ್ದೆಯ ಮೇಲೆ ಸಗಣಿ, ಮತ್ತಿ ಮುಂತಾದ ಮರಗಳ ಕೊಂಬೆ, ತರಗೆಲೆ, ಹುಲ್ಲು ಪದರ ಪದರವಾಗಿ ಹರಡಿ, ಮೇಲೆ ಮಣ್ಣು ಉದುರಿಸಿ, ನಿಧಾನವಾಗಿ ಸುಡುತ್ತಾರೆ. ಕಳೆಯ ಬೀಜ ಸಾಯುತ್ತದೆ, ಹುಳ ಮತ್ತು ಶಿಲೀಂಧ್ರ ಸಾಯುತ್ತವೆ, ಬೂದಿ ಉಳಿಯುತ್ತದೆ. ಮೊದಲ ಮಳೆಗೆ ಅಲ್ಲಿ ಭತ್ತ ಬಿತ್ತಿ, ಜುಲೈನಲ್ಲಿ ಸಸಿ ಕಿತ್ತು ದೊಡ್ಡ ಗದ್ದೆಗೆ ನೆಡುತ್ತಾರೆ. 1882ರ ಥಾಣಾ ಜಿಲ್ಲಾ ಗೆಝೆಟಿಯರಿನಲ್ಲಿ ಇದರ ವಿವರವಿದೆ. ಆ ದಶಕದಲ್ಲಿ ಅರಣ್ಯ ಇಲಾಖೆ ಕೊಂಬೆ ಕಡಿಯುವುದಕ್ಕೆ ಕಟ್ಟುಪಾಡು ತಂದಾಗ ಜಿಲ್ಲೆಯ ರೈತರಿಗೂ ಸರ್ಕಾರಕ್ಕೂ ದೊಡ್ಡ ತಕರಾರೇ ಆಯಿತು. ರಾಬ್ ಇಲ್ಲದಿದ್ದರೆ ಸಸಿಯಿಲ್ಲ, ಸಸಿಯಿಲ್ಲದಿದ್ದರೆ ಅನ್ನವಿಲ್ಲ ಎಂಬುದು ರೈತರ ವಾದ.

ಟೀಚರಿಗೆ ಅದನ್ನು ಕೇಳಿ ಸುಡುಮಣ್ಣು ನೆನಪಾಯಿತು. ತವರಿನಲ್ಲೂ ಬೇಸಿಗೆಯಲ್ಲಿ ತರಗೆಲೆ ಒಟ್ಟಿ, ಮೇಲೆ ಮಣ್ಣು ಹಾಕಿ, ಎರಡು ಮೂರು ದಿನ ಹೊಗೆಯಾಡಲು ಬಿಡುತ್ತಿದ್ದರು. ತರಕಾರಿಯ ಬುಡಕ್ಕೆ ಹಾಕಲು ಅದರಂಥದ್ದು ಬೇರೆಯಿಲ್ಲ ಎನ್ನುತ್ತಿದ್ದರು. ನೇಜಿ ತೆಗೆದು ನೆಡುವ ಕೆಲಸವನ್ನೂ ಅವರು ಚಿಕ್ಕಂದಿನಲ್ಲಿ ಮಾಡಿದವರೇ. ಒಂದು ಕಡೆ ಹುಟ್ಟಿಸಿ ಇನ್ನೊಂದು ಕಡೆ ನೆಡುವುದು ಅವರಿಗೆ ಹೊಸ ಪಾಠವಾಗಿರಲಿಲ್ಲ. ಬಾಡಿಗೆ ಫ್ಲ್ಯಾಟಿನಲ್ಲಿ ಬೆಂಕಿ ಹಾಕುವಂತಿಲ್ಲ. ಹಾಗಾಗಿ ಮುಂದಿನ ವರ್ಷ ಇಡ್ಲಿಪಾತ್ರೆ ರಾಬಿನ ಕೆಲಸ ಮಾಡಿತು. ತೆಂಗಿನ ನಾರಿನ ಪುಡಿಯನ್ನೂ ಎರೆಗೊಬ್ಬರವನ್ನೂ ಬೆರೆಸಿ, ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ತಟ್ಟೆಯ ಗುಳಿಗಳಿಗೆ ತುಂಬಿದರು. ನೀರನ್ನು ಮೇಲಿನಿಂದ ಹೊಯ್ಯದೆ ಕೆಳಗಿನ ತಟ್ಟೆಗೆ ಹಾಕಿ ಹೀರಿಕೊಳ್ಳಲು ಬಿಟ್ಟರು. ಒಂದು ಪುಟ್ಟ ಟೇಬಲ್ ಫ್ಯಾನನ್ನು ಸಸಿಗಳ ಕಡೆ ತಿರುಗಿಸಿಟ್ಟರು.

ಬೀಜ ಸಾಕಷ್ಟು ಹೊಸದಾಗಿತ್ತು. ಹಿಂದಿನ ವರ್ಷ ಉಳಿದ ಐದು ಸಸಿಗಳಲ್ಲಿ ಒಂದು ಐರೋಳಿಯ ಬಾಲ್ಕನಿಯಲ್ಲಿ ಬೆಳೆದು, ಎರಡು ಕಾಯಿ ಕೊಟ್ಟು, ಅದರಲ್ಲೊಂದನ್ನು ಬೀಜಕ್ಕೆ ಬಿಟ್ಟಿದ್ದರು. ಹೂವಿಗೆ ತೆಳು ಬಟ್ಟೆಯ ಚೀಲ ಕಟ್ಟಿದ್ದರು. ಬದನೆ ಬಹುಮಟ್ಟಿಗೆ ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಆದರೂ ಪಕ್ಕದ ಬಾಲ್ಕನಿಯ ನೇರಳೆ ಬದನೆಯಿಂದ ಜೇನು ಬಂದು ಕುಳಿತರೆ ಮುಂದಿನ ಪೀಳಿಗೆ ಗುಳ್ಳವಾಗಿ ಉಳಿಯುವ ಭರವಸೆಯಿಲ್ಲ.

*

ದೀಪದ ಕೆಳಗೆ ಚೆನ್ನಾಗಿ ಬಂದ ಸಸಿಯನ್ನು ನೋಡಿದರೆ ಇನ್ನೇನು ನೆಟ್ಟುಬಿಡಬಹುದು ಅನ್ನಿಸುತ್ತದೆ. ಅಲ್ಲೇ ಹೆಚ್ಚಿನ ಸಸಿಗಳು ಸಾಯುವುದು. ಚಳಿದೇಶದಲ್ಲಿ ಒಳಗಿನ ಸಸಿಯನ್ನು ಹೊರಗಿನ ಚಳಿಗೆ ಒಗ್ಗಿಸಬೇಕು. ಇಲ್ಲಿ ಒಗ್ಗಿಸಬೇಕಾದದ್ದು ಬಿಸಿಲಿಗೆ. ಮುಂಬಯಿಯವರು ‘ಅಕ್ಟೋಬರ್ ಹೀಟ್’ ಎಂದು ಹೆಸರಿಟ್ಟೇ ಕರೆಯುವ ಕಾಲವದು. ಮೋಡ ಸರಿದ ಆಕಾಶದಿಂದ ಬಿಸಿಲು ನೇರ ಇಳಿಯುತ್ತದೆ, ನೆಲದ ತೇವ ಹಬೆಯಾಗಿ ಏಳುತ್ತದೆ. ಟ್ಯೂಬಿನಡಿ ಬೆಳೆದ ಎಲೆಯ ಮೇಣದ ಹೊದಿಕೆ ತೆಳ್ಳಗಿರುತ್ತದೆ. ಅದರ ರಂಧ್ರಗಳಿಗೆ ಬಿಸಿಗಾಳಿ ಬಂದಾಗ ಬೇಗ ಮುಚ್ಚಿಕೊಳ್ಳುವ ಅಭ್ಯಾಸವಿರುವುದಿಲ್ಲ. ಒಂದೇ ಮಧ್ಯಾಹ್ನ ಸಾಕು, ಎಲೆ ಸುಟ್ಟ ಕಾಗದದಂತೆ ಬಿಳಿಯಾಗುತ್ತದೆ.

ಆದ್ದರಿಂದ ಸೆಪ್ಟೆಂಬರ್ ಕೊನೆಯಿಂದ ಹತ್ತು ದಿನ ತಟ್ಟೆ ಓಡಾಡುತ್ತದೆ. ಮೊದಲ ದಿನ ಬೆಳಗಿನ ಅರ್ಧ ಗಂಟೆ ಗ್ರಿಲ್ಲಿನಲ್ಲಿ. ಮರುದಿನ ಒಂದು ಗಂಟೆ. ಆಮೇಲೆ ಸೊಸೈಟಿಯ ಒಪ್ಪಿಗೆ ಪಡೆದು ತಾರಸಿಯ ನೀರಿನ ಟ್ಯಾಂಕಿನ ನೆರಳಿನಲ್ಲಿ. ಕೊನೆಗೆ ಬಯಲಿನಲ್ಲಿ ಎಂಟರಿಂದ ಹನ್ನೊಂದರವರೆಗೆ. ಈ ದಿನಗಳಲ್ಲಿ ನೀರು ಸ್ವಲ್ಪ ಬಿಗಿ. ನಡುವೆ ಗುಡುಗು ಸಹಿತ ಹಿಂಮಳೆ ಬಂದರೆ ಟೀಚರ ಯಜಮಾನರು ಲುಂಗಿ ಎತ್ತಿ ಕಟ್ಟಿ ತಾರಸಿಗೆ ಓಡುತ್ತಾರೆ. ಬೇರೆ ಬೀಜ ತರೋಣ ಎಂದಿದ್ದವರು ಅವರೇ.

ಫ್ಯಾನಿನ ಗಾಳಿಗೂ ಇದರಲ್ಲಿ ಪಾಲುಂಟು. ಅಮೆರಿಕದ ಸಸ್ಯವಿಜ್ಞಾನಿ ಮಾರ್ಡೆಕಾಯ್ ಜಾಫೆ 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದು, ಮುಟ್ಟಿಸಿಕೊಂಡ, ಉಜ್ಜಿಸಿಕೊಂಡ ಗಿಡಗಳು ಕಡಿಮೆ ಎತ್ತರಕ್ಕೆ, ಗಟ್ಟಿಯಾಗಿ ಬೆಳೆಯುತ್ತವೆಂದು ತೋರಿಸಿತು. ಗಾಳಿ ಮಾಡುವ ಕೆಲಸವನ್ನೇ ಕೈಯೂ ಮಾಡಬಲ್ಲದು. ಟೀಚರ್ ದಿನಕ್ಕೆರಡು ಸಲ ಸಸಿಗಳ ನೆತ್ತಿಯ ಮೇಲೆ ಅಂಗೈ ಆಡಿಸುತ್ತಾರೆ. ಪ್ರಬಂಧದ ವಿಷಯ ಮಗಳು ಆಮೇಲೆ ಹೇಳಿದ್ದು. ಅಂಗೈ ಅದಕ್ಕೂ ಮೊದಲಿನಿಂದ ಆಡುತ್ತಿತ್ತು.

*

ಇಷ್ಟೆಲ್ಲ ಮಾಡಿ ಸಿಗುವುದು ಮಟ್ಟುಗುಳ್ಳವೇ? ಭೌಗೋಳಿಕ ಸೂಚಕದ ತರ್ಕ ಒಪ್ಪಿದರೆ ಅಲ್ಲ. ಆ ಮಾನ್ಯತೆಯೇ ಬೆಳೆಯನ್ನು ಅದರ ನೆಲಕ್ಕೆ ಕಟ್ಟುತ್ತದೆ. ಮಟ್ಟುವಿನ ಮಣ್ಣು, ಪಕ್ಕದ ಹೊಳೆ, ಸಮುದ್ರದ ಗಾಳಿ ಇಲ್ಲದಲ್ಲಿ ಬೆಳೆದದ್ದಕ್ಕೆ ಆ ಹೆಸರು ಹೇಳುವಂತಿಲ್ಲ. ಟೀಚರಿಗೆ ಇದರಲ್ಲಿ ತಕರಾರಿಲ್ಲ. ಕುಂಡದ ಕಾಯಿ ಸ್ವಲ್ಪ ಸಣ್ಣದು, ಸಿಪ್ಪೆ ಸ್ವಲ್ಪ ದಪ್ಪ ಎಂದು ಅವರೇ ಹೇಳುತ್ತಾರೆ. ಡೊಂಬಿವಲಿಯ ಹಿತ್ತಲಿನ ಮೂವತ್ತು ವರ್ಷಗಳಲ್ಲಿ, ಪ್ರತಿ ಸಲ ಚೆನ್ನಾಗಿ ಬಂದ ಗಿಡದ ಕಾಯಿಯನ್ನೇ ಬೀಜಕ್ಕೆ ಬಿಟ್ಟದ್ದರಿಂದ, ಅದು ಇಲ್ಲಿಯ ಮಳೆಗೂ ಇಲ್ಲಿಯ ಹುಳಕ್ಕೂ ಒಗ್ಗಿದ ಬೇರೆಯೇ ಗುಳ್ಳವಾಗಿರಬಹುದು. ಹಾಗಿದ್ದರೆ ಅದು ಊರಿನಲ್ಲಿ ಸಿಗುವ ಬೀಜವೂ ಅಲ್ಲ. ‘ಬೇರೆ ತಂದರಾಯ್ತಲ್ಲ’ ಎಂಬ ಮಾತಿಗೆ ಟೀಚರ್ ಕೊಡದ ಎರಡನೆಯ ಉತ್ತರ ಅದು.

ಆಕೆಯ ಬಾಡಿಗೆ ಮನೆಯ ಗ್ರಿಲ್ಲಿಗೆ ದಿನಕ್ಕೆ ಎರಡು ಗಂಟೆಯ ಬಿಸಿಲೂ ಇಲ್ಲ. ಕಾಯಿ ಬಿಡಲು ಬದನೆಗೆ ಆರು ಗಂಟೆಯಾದರೂ ಬೇಕು. ಅಂದರೆ ಸಸಿ ಮಾಡುವ ಮನೆಯಲ್ಲಿ ಗಿಡ ಇಟ್ಟುಕೊಳ್ಳಲಾಗದು. ಕಳೆದ ಅಕ್ಟೋಬರಿನಲ್ಲಿ ತಟ್ಟೆಯಲ್ಲಿದ್ದುದು ಹದಿನಾಲ್ಕು ಸಸಿ. ನಾಲ್ಕು ಕಲ್ಯಾಣಿಗೆ ಹೋದವು. ಅಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಬೈಠಿ ಚಾಳಿನ ಮುಂದೆ ಇನ್ನೂ ಮಣ್ಣುಂಟು. ಎರಡನ್ನು ಸೊಪ್ಪಿನ ಹೆಂಗಸು ಮುರ್ಬಾಡ್ ದಾರಿಯ ಗದ್ದೆಯಂಚಿಗೆ ಒಯ್ದರು. ಎರಡು ಥಾಣೆಯ ಘೋಡ್‌ಬಂದರ್ ರಸ್ತೆಯ ನೆಂಟರ ಮನೆಗೆ. ಒಂದೇ ಡಬ್ಬಿಯಲ್ಲಿದ್ದ ಬೀಜಕ್ಕೆ ಈಗ ನಾಲ್ಕು ವಿಳಾಸ. ಒಂದು ಕಡೆ ಹುಳ ತಿಂದರೂ ಇನ್ನೊಂದು ಕಡೆ ಒಂದು ಕಾಯಿ ಹಳದಿಯಾದೀತು.

ಉಳಿದ ಆರು ಐರೋಳಿಗೆ. ಭಾನುವಾರ ಮಧ್ಯಾಹ್ನ, ನೂಕುನುಗ್ಗಲಿಲ್ಲದ ಹೊತ್ತು ನೋಡಿ ಟೀಚರ್ ಡೊಂಬಿವಲಿಯಲ್ಲಿ ಲೋಕಲ್ ಹತ್ತಿದರು. ಥಾಣೆಯಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದರು. ಸಸಿಗಳು ಮಡಿಲ ಮೇಲೆ, ಬಾಯಿ ತೆರೆದ ಕೈಚೀಲದಲ್ಲಿ. ಎದುರಿಗೆ ಕುಳಿತಿದ್ದ ಕಾಲೇಜು ಹುಡುಗಿ ಅದೇನೆಂದು ಕೇಳಿದಳು. ಬದನೆ ಎಂದರು. ಇಷ್ಟು ಜೋಪಾನವಾಗಿ ಬದನೆಯೇ ಎಂಬಂತೆ ಅವಳು ನೋಡಿದಳು. ಐರೋಳಿ ಬರುವವರೆಗೂ ಟೀಚರ್ ಅವಳಿಗೆ ಗುಳ್ಳದ ಬಗ್ಗೆ ಹೇಳಿದರು.

ನಾಲ್ಕು ದಿನ ಬಿಟ್ಟು ಮಗಳು ಫೋನಿನಲ್ಲಿ ಒಂದು ಫೋಟೋ ಕಳಿಸಿದಳು. ಒಂದು ಸಸಿಯ ದೊಡ್ಡ ಎಲೆಯ ಅಂಚು ಬಿಸಿಲಿಗೆ ಬೆಳ್ಳಗಾಗಿತ್ತು. “ಅಮ್ಮ, ಇದು ಹೋಯ್ತಾ?” ಎಂದು ಕೇಳಿದ್ದಳು. ಟೀಚರ್ ಕನ್ನಡಕ ಏರಿಸಿ, ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ, ನೆತ್ತಿಯ ಮೊಗ್ಗನ್ನು ನೋಡಿದರು. ಅಲ್ಲಿ ಕಾಳಿನಷ್ಟು ಹೊಸ ಎಲೆ, ದೀಪದಡಿ ಬಿಟ್ಟ ಎಲೆಗಳಿಗಿಂತ ದಪ್ಪ, ಹೆಚ್ಚು ಕಡುಹಸಿರು, ಮೈತುಂಬ ಸಣ್ಣ ರೋಮ.

“ಇಲ್ಲ ಮಗಾ, ಅದು ಹಿಡಿಯಿತು,” ಎಂದರು. “ಹಳೆ ಎಲೆ ಕೀಳಬೇಡ. ತಾನಾಗಿ ಬೀಳ್ತದೆ.”